ಬಟಾಣಿಗೆ ಹಾಕಿದ ಹಂದರ

ಕಲಬುರಗಿಯ ಖೂಬಾ ಪ್ಲಾಟಿನ ಅಣವೀರಪ್ಪನವರು ಮೂವತ್ತೆರಡು ವರ್ಷ ಸರಕಾರಿ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಕೆಲಸ ಮಾಡಿ, ಕಳೆದ ಜೂನ್‌ನಲ್ಲಿ ನಿವೃತ್ತರಾಗಿ, ಹಾರ ಹಾಕಿಸಿಕೊಂಡು ಶಾಲು ಹೊದ್ದು ಮನೆಗೆ ಬಂದರು. ಬಂದ ಪ್ರತಿ ಪತ್ರದ ಮೊದಲ ಸಾಲು ಓದುವುದು, ಅದು ಯಾವ ಟೇಬಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು, ಮುದ್ರೆ ಒತ್ತಿ ಸಾಗಹಾಕುವುದು, ಇಷ್ಟೇ ಅವರ ಕೆಲಸವಾಗಿತ್ತು. ಎರಡನೆಯ ಸಾಲಿನಿಂದ ಮುಂದಿನದ್ದು ಬೇರೆಯವರ ಜವಾಬ್ದಾರಿ. ಈ ಪದ್ಧತಿಯಿಂದ ಕಚೇರಿಗೆ ಬಹಳ ಅನುಕೂಲವಾಗಿತ್ತು. ಮನೆಗೆ ಅಷ್ಟೇನೂ ಆಗಿರಲಿಲ್ಲ.

ಮಗಳು ಪ್ರೀತಿಗೆ ಬಂದ ಮೊದಲ ಸಂಬಂಧದ ವಿಷಯವನ್ನು ಯಾರೋ ನೆಂಟರು ‘ಹುಡುಗ ಬೀದರದವ’ ಎಂದು ಶುರು ಮಾಡಿದ್ದೇ ತಡ, ಅಣವೀರಪ್ಪನವರು ‘ದೂರ ಆಯ್ತು’ ಎಂದು ಕಡತ ಮುಚ್ಚಿಬಿಟ್ಟರು. ಹುಡುಗನ ನೌಕರಿ ಕಲಬುರಗಿಯಲ್ಲೇ, ಮನೆ ಎರಡು ಓಣಿ ಆಚೆಗೆ ಎಂಬುದು ಎರಡನೆಯ ಸಾಲಿನಲ್ಲಿತ್ತು. ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಇಪ್ಪತ್ತೇಳರ ಪ್ರೀತಿಗೆ ಅದರಿಂದ ದುಃಖವೇನೂ ಆಗಲಿಲ್ಲ, ಭಯವಾಯಿತು. ಅವಳ ಮನಸ್ಸಿನಲ್ಲಿ ಒಬ್ಬನಿದ್ದ. ಅವನ ಬಗ್ಗೆ ಅಪ್ಪನಿಗೆ ಹೇಳುವಾಗ ಮೊದಲ ಸಾಲು ಯಾವುದಿರಬೇಕು ಎಂದು ಯೋಚಿಸುತ್ತಲೇ ಅವಳು ಒಂದು ವರ್ಷ ಕಳೆದಿದ್ದಳು.

ಬಟಾಣಿಯ ಪ್ರಕರಣ ಶುರುವಾದದ್ದು ಐವಾನ್-ಎ-ಶಾಹಿ ಅತಿಥಿಗೃಹದ ಕಡೆಯ ಬೆಳಗಿನ ವಾಕಿಂಗಿನಲ್ಲಿ. ಜೊತೆಗೆ ನಡೆಯುತ್ತಿದ್ದ ಶಿವಶರಣಪ್ಪನವರು ನಿವೃತ್ತ ವಿಜ್ಞಾನ ಮೇಷ್ಟ್ರು. ದೀಪಾವಳಿ ಮರುದಿನ ಅವರು ತಮ್ಮ ಮಾಳಿಗೆಯ ಮೇಲಿನ ಟೊಮ್ಯಾಟೊ ಗಿಡಗಳ ಬಗ್ಗೆ ಒಂದೂವರೆ ಕಿಲೋಮೀಟರು ಮಾತಾಡಿದರು. ಅಣವೀರಪ್ಪನವರಿಗೆ ತಡೆಯಲಾಗಲಿಲ್ಲ.

“ನಾ ಈ ಸಲ ಬಟಾಣಿ ಹಾಕೀನ್ರಿ,” ಎಂದರು.

ಹಾಕಿರಲಿಲ್ಲ. ಹಾಕುವ ವಿಚಾರವೂ ಆ ಕ್ಷಣದವರೆಗೆ ಇರಲಿಲ್ಲ.

“ಬಟಾಣಿ? ನಮ್ಮ ಬಿಸಲಿಗಿ ಅವು ತಡೀತಾವೇನ್ರಿ?”

“ನಮ್ಮ ಹಿತ್ತಲದಾಗ ಬಿಸಲು ಕಡಿಮಿ ಅದ್ರಿ.”

ಮನೆಗೆ ಮರಳುವ ದಾರಿಯಲ್ಲೇ ಬೀಜದ ಪಾಕೀಟು ಕೊಂಡರು. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಎಂಟು ಅಡಿ ಉದ್ದದ ಜಾಗವಿತ್ತು. ಅದನ್ನು ಅಗೆದು, ಗೊಬ್ಬರ ಹಾಕಿ, ಕಚೇರಿಯಿಂದ ನೆನಪಿಗೆಂದು ತಂದಿದ್ದ ಫೂಟುಪಟ್ಟಿ ಹಿಡಿದು ಪ್ರತಿ ಕಾಳಿಗೂ ಒಂದು ಇಂಚು ಆಳ, ಮೂರು ಇಂಚು ಅಂತರ ಅಳೆದರು. ಎರಡು ಸಾಲಿನಲ್ಲಿ ನಲವತ್ತು ಕಾಳು ಊರಿದರು. ಎಂಟನೆಯ ದಿನ ಮೂವತ್ತೊಂದು ಮೊಳಕೆ ಮೇಲೆ ಬಂದವು. ಬಾರದ ಒಂಬತ್ತರ ಬಗ್ಗೆ ಅವರು ಎರಡು ದಿನ ವಿಚಾರಣೆ ನಡೆಸಿ, ಪಾರಿವಾಳಗಳ ಮೇಲೆ ಸಂಶಯ ಇಟ್ಟು ಕೈಬಿಟ್ಟರು.

ತಿಂಗಳು ಕಳೆಯುವಷ್ಟರಲ್ಲಿ ಗಿಡಗಳು ಒಂದಡಿ ಬೆಳೆದವು. ಬೆಳೆದು ನಿಲ್ಲಲಾರದೆ ಒಂದರ ಮೇಲೊಂದು ಒರಗಿ ಮಲಗಿದವು. ಹೆಂಡತಿ ಲಲಿತಾಬಾಯಿ ಇದ್ದಿದ್ದರೆ ಏನಾದರೂ ದಾರಿ ಹೇಳುತ್ತಿದ್ದರು. ಅವರು ತಮ್ಮನ ಹೊಸ ಮನೆಯ ಕಾರ್ಯಕ್ರಮಕ್ಕೆಂದು ಎಂಟು ದಿನ ಸೇಡಂಗೆ ಹೋಗಿದ್ದರು. ಅಣವೀರಪ್ಪನವರು ಬೀಜದ ಪಾಕೀಟು ಹುಡುಕಿ ತೆಗೆದರು. ಹಿಂಬದಿಯಲ್ಲಿ ಸೂಚನೆಗಳಿದ್ದವು. ಮೊದಲ ಸಾಲು ಹೀಗಿತ್ತು: ‘ಬಳ್ಳಿಗೆ ಹಂದರ ಒದಗಿಸುವುದು ಅವಶ್ಯ.’ ಓದಿ, ಮಡಚಿ, ಪಾಕೀಟನ್ನು ಕಿಟಕಿಯ ಮೇಲಿಟ್ಟರು.

ಹಂದರಕ್ಕೆ ಬಿದಿರಿನ ಗಳ ಬೇಕು. ಗಳ ಕಮಲಾಪುರದಲ್ಲಿ ಸಿಗುತ್ತವೆ. ಅಲ್ಲಿ ಕೆಂಪು ಬಾಳೆಯ ತೋಟದವರು ಗೊನೆಯ ಭಾರಕ್ಕೆ ಬಾಳೆ ಬೀಳದಂತೆ ಗಳ ಊರುತ್ತಾರೆ. ಅಣವೀರಪ್ಪನವರ ಅಕ್ಕ ಜಗದೇವಿಯದೂ ಅಲ್ಲಿ ಒಂದು ತೋಟವಿತ್ತು. ಆದರೆ ಅಕ್ಕನಿಗೆ ಬೇಸಾಯದ ಪ್ರಶ್ನೆ ಕೇಳಿದರೆ, ಚಿಕ್ಕಂದಿನಲ್ಲಿ ಅವರು ಕಿತ್ತುಹಾಕಿದ ಮೆಣಸಿನ ಸಸಿಗಳಿಂದ ಶುರುವಾಗಿ ಉತ್ತರ ಬರುವುದು. ಅದಕ್ಕೇ ಅವರು ಅಕ್ಕನ ತೋಟದ ಪಕ್ಕದ ಹೊಲದ ಚಂದ್ರಶಾನಿಗೆ ಫೋನು ಮಾಡಿದರು.

“ಚಂದ್ರಶಾ, ಮನ್ಯಾಗ ಹಂದರ ಹಾಕಬೇಕಾಗೇದಪಾ. ಗಳ ಬೇಕು.”

ಆ ಸೀಮೆಯಲ್ಲಿ ಹೀರೆಬಳ್ಳಿಗೆ ಕಟ್ಟುವುದೂ ಹಂದರವೇ, ಮದುವೆ ಮನೆಯ ಮುಂದೆ ಹಾಕುವುದೂ ಹಂದರವೇ. ಆದರೆ ಮನೆಯಲ್ಲಿ ಇಪ್ಪತ್ತೇಳು ವರ್ಷದ ಮಗಳಿರುವವನು ಹಂದರ ಎಂದರೆ ಯಾರಿಗೂ ಹೀರೇಕಾಯಿ ನೆನಪಾಗುವುದಿಲ್ಲ.

“ಹೌದ್ರಿ? ಭಾಳ ಚಲೋ ಆಯ್ತು ಬಿಡ್ರಿ,” ಎಂದ ಚಂದ್ರಶಾ. “ಯಾವಾಗ್ರಿ?”

“ಲಗೂನೇ ಆಗಬೇಕು. ಇನ್ನಾ ತಡ ಮಾಡಿದ್ರ ಕೈ ಮೀರಿ ಹೋಗ್ತದ.”

ಇದೇನೋ ಅವಸರದ ಮದುವೆ ಎಂದುಕೊಂಡ ಚಂದ್ರಶಾ. ದೊಡ್ಡವರ ಮನೆಯ ಮಾತು, ಹೆಚ್ಚು ಕೆದಕಬಾರದು. “ಮಂದಿ ಎಷ್ಟ್ರಿ?” ಎಂದು ಮಾತ್ರ ಕೇಳಿದ. ಅವನು ನಿಂತಿದ್ದ ಬಾಳೆತೋಟದ ಗಾಳಿಗೆ ‘ಮಂದಿ’ ಹಾರಿಹೋಗಿ ‘ಎಷ್ಟು’ ಮಾತ್ರ ಖೂಬಾ ಪ್ಲಾಟ್ ತಲುಪಿತು.

“ಮೂವತ್ತೊಂದು.”

“ಮೂವತ್ತೊಂದೇ ಏನ್ರಿ?”

“ನಲವತ್ತು ಹಾಕಿದ್ನಿ. ಒಂಬತ್ತು ಬರಲಿಲ್ಲ.”

“ಇರಲಿ ಬಿಡ್ರಿ. ಬರಲಾರದವ್ರು ಬರಂಗೇ ಇಲ್ಲ. ಈಗ ಸಣ್ಣದೇ ಚಲೋ.”

“ಜಗದೇವಿ ಅಕ್ಕಾಗ ಮಾತ್ರ ಹೇಳಬ್ಯಾಡ. ಬಂದು ಇದು ತಪ್ಪು, ಅದು ತಪ್ಪು ಅಂತಾಳ.”

ಚಂದ್ರಶಾ ಆಣೆ ಇಟ್ಟ. ಆ ಆಣೆಯನ್ನು ತೋಟದಿಂದ ಕಮಲಾಪುರ ಬಸ್ ಸ್ಟ್ಯಾಂಡಿನವರೆಗೆ ಪಾಲಿಸಿದ.

ಬುಧವಾರ ಮಧ್ಯಾಹ್ನ ಅವನ ಗೂಡ್ಸ್ ಆಟೋ ಓಣಿಯೊಳಗೆ ಬಂತು. ಹನ್ನೆರಡು ಅಡಿ ಉದ್ದದ ಹನ್ನೆರಡು ಗಳ. ತನ್ನ ಸಂತೋಷಕ್ಕೆಂದು ಮುಂದಿನ ಗಳಕ್ಕೆ ಅವನು ಮಾವಿನ ತೊಪ್ಪಲು ಕಟ್ಟಿದ್ದ. ಹುಳ ಹತ್ತದಿರಲೆಂದು ಕಟ್ಟಿರಬೇಕು ಎಂದುಕೊಂಡ ಅಣವೀರಪ್ಪನವರು ಅವನ ಜ್ಞಾನವನ್ನು ಮನಸ್ಸಿನಲ್ಲೇ ಮೆಚ್ಚಿದರು.

ಎದುರು ಮನೆಯ ದಿಲ್ಶಾದ್ ಬೇಗಂ ಗೇಟಿಗೆ ಬಂದು ನಿಂತು, ಮಾವಿನ ತೊಪ್ಪಲು ನೋಡಿ, ಚಂದ್ರಶಾನ ಹತ್ತಿರ ಎರಡು ಮಾತು ಕೇಳಿ, ನಂತರ ಕಾಂಪೌಂಡಿನ ಬಳಿ ಬಂದರು.

“ಮುಬಾರಕ್ ರೀ ಭಾಯಿಸಾಬ್. ಈಗ ಗೊತ್ತಾಯ್ತು.”

ತಮ್ಮ ಬಟಾಣಿಯ ಸುದ್ದಿ ಓಣಿಗೆ ಹಬ್ಬಿದ್ದು ಅಣವೀರಪ್ಪನವರಿಗೆ ಆಶ್ಚರ್ಯವೇನೂ ತರಲಿಲ್ಲ. “ಇನ್ನಾ ಹೂವ ಆಗಿಲ್ರಿ,” ಎಂದರು ವಿನಯದಿಂದ.

ಹೂ ಮುಡಿಸುವ ಶಾಸ್ತ್ರ ಬಾಕಿ ಇದೆ ಎಂದು ಬೇಗಂ ತಿಳಿದರು. “ಅದು ಯಾವಾಗ್ರಿ?”

“ಇನ್ನ ಹದಿನೈದು ದಿನ ಹೋಗಬೇಕ್ರಿ.”

“ನಮ್ಮನ್ಯಾಗ ಅಡಗಿ ಮಾಡೋ ದೊಡ್ಡ ದೇಗಚಿ ಅದಾವ. ಬೇಕಾದ್ರ ತಗೊಂಡು ಹೋಗ್ರಿ.”

“ದೇಗಚಿ ತುಂಬೋವಷ್ಟು ಆಗ್ತದೇನ್ರಿ?”

“ಸಣ್ಣದು ಅಂತ ಎಲ್ಲಾರೂ ಶುರು ಮಾಡ್ತಾರ ಭಾಯಿಸಾಬ್. ಕಡೀಗಿ ತುಂಬೇ ತುಂಬ್ತದ.”

ಇಳುವರಿಯ ಬಗ್ಗೆ ಅಲ್ಲಿಯವರೆಗೆ ಸಣ್ಣ ಅನುಮಾನವಿದ್ದ ಅಣವೀರಪ್ಪನವರಿಗೆ ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಇತ್ತ ಶಿವಶರಣಪ್ಪನವರಿಗೆ ನಿದ್ದೆ ಬಂದಿರಲಿಲ್ಲ. ಅವರ ಮಗ ವಿಶ್ವಾಸ, ಪ್ರೀತಿಯ ಕಾಲೇಜಿನಲ್ಲೇ ಭೌತಶಾಸ್ತ್ರ ಕಲಿಸುವವನು. ಪ್ರೀತಿಯ ಮನಸ್ಸಿನಲ್ಲಿದ್ದವನು ಅವನೇ. ಅವನು ತಾಯಿಗೆ ಹೇಳಿ, ತಾಯಿ ಗಂಡನಿಗೆ ಹೇಳಿ, ಈಗ ಆ ಮಾತನ್ನು ಹುಡುಗಿಯ ತಂದೆಗೆ ತಲುಪಿಸುವ ಹೊಣೆ ಮೇಷ್ಟ್ರ ಹೆಗಲಿಗೆ ಬಿದ್ದಿತ್ತು. ಗುರುವಾರ ವಾಕಿಂಗಿನಲ್ಲಿ ಅವರು ಅರ್ಧ ದಾರಿ ಏನೂ ಕಲಿಸದೆ ನಡೆದರು. ಕೊನೆಗೆ ಬಾಯಿ ತೆರೆದರು.

“ಅಣವೀರಪ್ಪನವ್ರ, ಈ ವರ್ಷ ನಿಮ್ಮನ್ಯಾಗ ಹಂದರದ ವಿಚಾರ ಏನರ...”

“ಗಳ ನಿನ್ನೇನೇ ಬಂದಾವ್ರಿ.”

ಮೇಷ್ಟ್ರು ನಿಂತುಬಿಟ್ಟರು. “ಅಂದ್ರ ನಿಮಗ ಎಲ್ಲಾ ಗೊತ್ತದ?”

“ಗೊತ್ತಿಲ್ದ ಹಾಕ್ತಾರೇನ್ರಿ?”

“ನಿಮ್ಮ ಮನಸಿಗಿ ಬಂದದ?”

“ನನ್ನ ಮನಸಿಗಿ ಬಂದೇ ಶುರು ಆಗಿದ್ದು. ನಿಮಗ ಅನುಮಾನ ಇದ್ರ ಐತವಾರ ಬಂದು ಕಣ್ಣಾರೆ ನೋಡ್ರಿ.”

“ಮನಿಯವ್ರನ್ನ ಕರಕೊಂಡು ಬರ್ಲೇನ್ರಿ?”

“ಎಲ್ಲಾರನ್ನೂ ಕರಕೊಂಡು ಬರ್ರಿ. ನೋಡಲಿ.”

ಶಿವಶರಣಪ್ಪನವರ ಕಣ್ಣು ತೇವಗೊಂಡವು. ಅವರು ಅಣವೀರಪ್ಪನವರ ಕೈಯನ್ನು ಎರಡೂ ಕೈಯಿಂದ ಹಿಡಿದು ಒತ್ತಿದರು. ಪೈಪೋಟಿಯಲ್ಲಿ ಸೋತವನು ಇಷ್ಟು ಗೌರವದಿಂದ ಸೋಲುವುದನ್ನು ಅಣವೀರಪ್ಪನವರು ಹಿಂದೆ ಎಂದೂ ಕಂಡಿರಲಿಲ್ಲ.

ಆ ಸುದ್ದಿ ಮೇಷ್ಟ್ರ ಮನೆಯಿಂದ ವಿಶ್ವಾಸನಿಗೆ, ವಿಶ್ವಾಸನಿಂದ ಸ್ಟಾಫ್ ರೂಮಿನಲ್ಲಿ ಪ್ರೀತಿಗೆ ಮುಟ್ಟಿತು. ಅವಳು ನಂಬಲಿಲ್ಲ. ಸಂಜೆ ಮನೆಗೆ ಬರುವಾಗ ದಿಲ್ಶಾದ್ ಬೇಗಂ ಗೇಟಿನಲ್ಲೇ ತಡೆದು ಗಲ್ಲ ಸವರಿ ಬಾಯಿಗೆ ಸಕ್ಕರೆ ಹಾಕಿದರು. ಒಳಗೆ ಬಂದರೆ ಗೋಡೆಗೆ ಒರಗಿಸಿದ ಹನ್ನೆರಡು ಗಳ, ಅವುಗಳ ನಡುವೆ ಸುತಳಿ ಬಿಡಿಸುತ್ತ ಕೂತ ಅಪ್ಪ. ಹಿತ್ತಲಲ್ಲಿ ಅವರು ಏನೋ ಹಾಕಿದ್ದಾರೆಂದು ಅವಳಿಗೆ ಗೊತ್ತಿತ್ತು. ಆದರೆ ಒಂದಡಿ ಗಿಡಕ್ಕೆ ಹನ್ನೆರಡು ಅಡಿ ಗಳ ಎಂದು ಗಣಿತ ಕಲಿಸುವವಳು ಹೇಗೆ ಊಹಿಸಿಯಾಳು?

“ಅಪ್ಪಾ,” ಎಂದಳು. “ನಿಮಗ... ವಿಶ್ವಾಸ...” ಮುಂದಿನ ಮಾತು ಹುಡುಕುತ್ತ ಗಳಗಳ ಕಡೆ ನೋಡಿದಳು.

ಅಣವೀರಪ್ಪನವರಿಗೆ ಅಷ್ಟೇ ಸಾಕಾಗಿತ್ತು. “ಪೂರಾ ಅದ,” ಎಂದರು.

“ಹಾಂ?”

“ಪೂರಾ ವಿಶ್ವಾಸದ ಮ್ಯಾಲೇ ಹಂದರ ಹಾಕಾಕತ್ತೀನಿ. ಇಲ್ದಿದ್ರ ಕಮಲಾಪುರದಿಂದ ಗಳ ತರಸ್ತಿದ್ನೇನು?”

ಪ್ರೀತಿ ಕುರ್ಚಿಯ ಮೇಲೆ ಕೂತಳು. “ನಿಮಗ ಸಿಟ್ಟಿಲ್ಲೇನ್ರಿ?”

“ಯಾಕ ಸಿಟ್ಟು? ಎಳೀವು. ತಾವೇ ನಿಂದರಾಕ ಹೋಗಿ ಬೀಳ್ತಾವ. ಆಸರ ಕೊಡೋದು ದೊಡ್ಡವ್ರ ಕೆಲಸ. ಕೊಟ್ರ ಚಂದಾಗಿ ಮ್ಯಾಲ ಹೋಗ್ತಾವ.”

ಅಪ್ಪನ ಬಾಯಲ್ಲಿ ಇಂಥ ಮಾತು ಬಂದೀತೆಂದು ಅವಳು ಕನಸಿನಲ್ಲೂ ನೆನೆಸಿರಲಿಲ್ಲ. ಅವಳ ಕಣ್ಣಿಂದ ನೀರು ಇಳಿಯಿತು. ಅಣವೀರಪ್ಪನವರು ತಲೆ ಎತ್ತಿ ನೋಡಿ, “ನೆಗಡಿ ಆಗೇದೇನು? ಜೀರಗಿ ಕಷಾಯ ಕುಡಿ,” ಎಂದು ಮತ್ತೆ ಸುತಳಿಗೆ ಬಗ್ಗಿದರು.

ಶನಿವಾರದ ಹೊತ್ತಿಗೆ ಗಳಗಳೆಲ್ಲ ಹಿತ್ತಲಲ್ಲಿ ಎದ್ದು ನಿಂತವು. ಮಧ್ಯಾಹ್ನ ಹನ್ನೆರಡಕ್ಕೆ ಕಮಲಾಪುರದ ಬಸ್ಸಿಳಿದು ಜಗದೇವಿ ಬಂದರು. ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚೀಲವಿತ್ತು. ಜಗಳಕ್ಕೆ ಬಂದರೂ ತವರಿಗೆ ಬರಿಗೈಯಲ್ಲಿ ಬರುವ ರೂಢಿ ಅವರಿಗಿರಲಿಲ್ಲ. ಚೀಲವನ್ನು ದೇವರ ಮುಂದಿಟ್ಟು, ನೀರು ಕುಡಿದು, ಆಮೇಲೆ ಶುರು ಮಾಡಿದರು.

“ನಾ ಇನ್ನಾ ಬದಕೀನಿ, ಅಣವೀರ.”

“ಯಾಕಕ್ಕಾ ಹಂಗಂತಿ?”

“ಹಂದರ ಹಾಕ್ತಿ. ನನಗ ಹೇಳಬ್ಯಾಡ ಅಂತ ಚಂದ್ರಶಾಗ ಆಣಿ ಹಾಕಸ್ತಿ. ಸ್ವಾದರತ್ತಿ ಇಲ್ದ ಹಂದರ ಯಾರ ಮನ್ಯಾಗ ನಿಂತದ?”

ಬಟಾಣಿಗೆ ಸೋದರತ್ತೆ ಯಾಕೆ ಬೇಕೆಂದು ಅಣವೀರಪ್ಪನವರಿಗೆ ತಿಳಿಯಲಿಲ್ಲ. ಆದರೆ ಅಕ್ಕನ ಹತ್ತಿರ ತಿಳಿಯದ ಮಾತುಗಳು ಅರವತ್ತು ವರ್ಷದಿಂದ ಇದ್ದವು. “ನೀ ಬಂದ್ರ ಎಲ್ಲಾ ತಪ್ಪು ಅಂತಿ. ಅದಕ್ಕ ಹೇಳಲಿಲ್ಲ,” ಎಂದರು.

“ತಪ್ಪಿದ್ರ ತಪ್ಪೇ ಅಂತೀನಿ. ಎಲ್ಲಿ ಹಾಕೀದಿ?”

“ಹಿತ್ತಲದಾಗ.”

“ಹಿತ್ತಲದಾಗ?” ಜಗದೇವಿ ಸೆರಗು ಸಿಕ್ಕಿಸಿಕೊಂಡು ಎದ್ದರು.

ಒಗೆಯುವ ಕಲ್ಲು ದಾಟಿ ಅವರು ನಿಂತರು. ಎಂಟು ಅಡಿ ಜಾಗದಲ್ಲಿ ಹನ್ನೆರಡು ಗಳ ಆಕಾಶಕ್ಕೆ ಮುಖ ಮಾಡಿದ್ದವು. ಸುತ್ತ ಸುತಳಿ. ಅವುಗಳ ಕಾಲಬುಡದಲ್ಲಿ ಮೂವತ್ತೊಂದು ಬಟಾಣಿ ಗಿಡಗಳು ಮೊದಲಿನಂತೆಯೇ ನೆಲಕ್ಕೆ ಒರಗಿ ಮಲಗಿದ್ದವು. ನಲವತ್ತು ವರ್ಷ ತೋಟ ಮಾಡಿದ ಹೆಂಗಸಿಗೆ ಒಂದು ನೋಟ ಸಾಕು. ಜಗದೇವಿಯ ಸಿಟ್ಟು ಒಳಗೊಳಗೇ ನಗೆಯಾಯಿತು. ಅದು ಬಾಯಿಗೆ ಬರುವಷ್ಟರಲ್ಲಿ ಪ್ರೀತಿ ಹಿಂದಿನಿಂದ ಬಂದು ತಬ್ಬಿಕೊಂಡಳು.

“ಅತ್ತೀ, ಅಪ್ಪ ಒಪ್ಪ್ಯಾರ. ನಾಳಿ ಅವರ ಮನಿಯವ್ರು ಬರಾಕತ್ತಾರ. ಒಂದು ವರ್ಷ ಆಯ್ತು ಅತ್ತೀ, ಹೇಳಾಕ ಧೈರ್ಯ ಆಗಿರ್ಲಿಲ್ಲ.”

ಜಗದೇವಿ ಕೇಳಿದರು. ಹುಡುಗ ಯಾರು, ಮನೆ ಎಲ್ಲಿ, ತಂದೆ ಯಾರು, ಎಲ್ಲವನ್ನೂ ಕೇಳಿದರು. ನಂತರ ಗಳಗಳನ್ನೊಮ್ಮೆ, ಪ್ರೀತಿಯ ಮುಖವನ್ನೊಮ್ಮೆ ನೋಡಿ ನಗೆಯನ್ನು ನುಂಗಿಕೊಂಡರು. ಒಳಗೆ ತಲೆ ಹಾಕಿ, “ಅಣವೀರ, ಹಂದರ ಚಲೋ ಹಾಕೀದಿ,” ಎಂದರು.

ಅಕ್ಕ ತಮ್ಮನನ್ನು ಹೊಗಳಿದ್ದು ಅದೇ ಮೊದಲು. ಅಣವೀರಪ್ಪನವರು ಎದ್ದು ಹೋಗಿ ಗಳಗಳನ್ನು ಇನ್ನೊಮ್ಮೆ ಎಣಿಸಿ ಬಂದರು.

ಭಾನುವಾರ ಬೆಳಗಿನಿಂದ ಅಡುಗೆಮನೆಯಲ್ಲಿ ತುಪ್ಪದ ವಾಸನೆ.

“ಮೇಷ್ಟ್ರು ಬಟಾಣಿ ನೋಡಾಕ ಬರ್ತಾರ. ಅದಕ್ಕ ಶಿರಾ ಯಾಕಕ್ಕಾ?”

“ಮನಿಗಿ ಬಂದವ್ರಿಗಿ ಬಾಯಿ ಸಿಹಿ ಮಾಡಬೇಕು. ನೀ ಆ ಅಂಗಿ ಬದಲಿ ಮಾಡು.”

ಹತ್ತೂವರೆಗೆ ಶಿವಶರಣಪ್ಪನವರು ಹೆಂಡತಿ, ಮಗನೊಂದಿಗೆ ಬಂದರು. ತಾಟಿನಲ್ಲಿ ತೆಂಗಿನಕಾಯಿ, ಹಣ್ಣು, ಹೂವು. ಸೋಲೊಪ್ಪಿಕೊಳ್ಳಲು ತೆಂಗಿನಕಾಯಿ ಹಿಡಿದು ಬಂದದ್ದು ಅಣವೀರಪ್ಪನವರಿಗೆ ಸ್ವಲ್ಪ ಅತಿ ಎನಿಸಿತು.

“ಕೂಡೋದು ಆಮ್ಯಾಲ. ಮೊದಲ ನೋಡ್ರಿ,” ಎಂದು ಮೂವರನ್ನೂ ನೇರವಾಗಿ ಹಿತ್ತಲಿಗೆ ಕರೆದೊಯ್ದರು.

ಮೂವರೂ ನೋಡಿದರು. ಮೊದಲು ಗಳದ ತುದಿಯನ್ನು, ಆಮೇಲೆ ಬುಡವನ್ನು.

“ಇದು ಹಂದರ ಏನ್ರಿ?” ಎಂದರು ಮೇಷ್ಟ್ರು.

“ಹೌದ್ರಿ.”

“ಹಿತ್ತಲದಾಗ ಹಾಕೀರಿ.”

“ಮುಂದ ಬಿಸಲು ಭಾಳ.”

ಮೇಷ್ಟ್ರ ಹೆಂಡತಿ ಜಾಗವನ್ನು ಕಣ್ಣಲ್ಲೇ ಅಳೆದರು. “ಇಲ್ಲಿ ಮಂದಿ ಹ್ಯಾಂಗ ಕೂಡ್ತಾರ್ರಿ ಅಣ್ಣಾರ?”

“ಮಂದಿ ಯಾಕ ಕೂಡ್ತಾರ್ರಿ?”

ಶಿವಶರಣಪ್ಪನವರು ಹೂವಿನ ತಾಟನ್ನು ಒಗೆಯುವ ಕಲ್ಲಿನ ಮೇಲಿಟ್ಟರು. ತರಗತಿಯಲ್ಲಿ ಹಿಂದಿನ ಬೆಂಚಿನವರಿಗೆ ಹೇಳುವಂತೆ ಒಂದೊಂದೇ ಪದವನ್ನು ಬಿಡಿಸಿ ಹೇಳಿದರು. “ಅಣವೀರಪ್ಪನವ್ರ, ನಿಮ್ಮ ಪ್ರೀತಿಗೂ ನಮ್ಮ ವಿಶ್ವಾಸಗೂ ಮನಸಾಗೇದ. ಅದು ಗೊತ್ತಾಗಿ, ಒಪ್ಪಿ, ನೀವು ಹಂದರ ಹಾಕೀರಿ ಅಂತ ತಿಳ್ಕೊಂಡು ನಾವು ಬಂದೀವಿ. ಹೌದೋ ಅಲ್ಲೋ, ಈಗೇ ಹೇಳ್ರಿ.”

“ನಾ ಹಂದರ ಹಾಕಿದ್ದು...” ಎಂದು ಅಣವೀರಪ್ಪನವರು ಶುರು ಮಾಡಿದರು.

ಅಷ್ಟರಲ್ಲಿ ಅವರ ಕಣ್ಣು ಹಿಂಬಾಗಿಲಿಗೆ ಹೋಯಿತು. ಪ್ರೀತಿ ಚಹಾದ ತಾಟು ಹಿಡಿದು ನಿಂತಿದ್ದಳು. ಹೊಸ ಸೀರೆ ಉಟ್ಟಿದ್ದಳು. ಬೆಳಗಿನಿಂದ ಮನೆಯಲ್ಲಿದ್ದರೂ ಅವರು ಅದನ್ನು ಗಮನಿಸಿರಲಿಲ್ಲ. ವಿಶ್ವಾಸನೆಂಬ ಹುಡುಗ ಯಾರ ಮುಖವನ್ನೂ ನೋಡದೆ ಬಟಾಣಿ ಗಿಡಗಳನ್ನೇ ದಿಟ್ಟಿಸುತ್ತಿದ್ದ. ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ಸುಮ್ಮನೆ ತಮ್ಮನನ್ನು ನೋಡುತ್ತಿದ್ದರು. ಬೇಗಂ ಅವರ ಮುಬಾರಕ್, ಮೇಷ್ಟ್ರು ಒತ್ತಿದ ಕೈ, ಮಗಳ ನೆಗಡಿ, ಒಂದೊಂದಾಗಿ ಎಲ್ಲವೂ ಅಣವೀರಪ್ಪನವರ ಮುಂದೆ ಬಂದು ನಿಂತವು. ಎಲ್ಲವನ್ನೂ ಓದಿ ಮುಗಿಸಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ಹೌದ್ರಿ,” ಎಂದರು. “ಅದಕ್ಕೇ ಹಾಕೀನಿ.”

ಮೇಷ್ಟ್ರು ಉಸಿರು ಬಿಟ್ಟರು. ಆದರೂ ವಿಜ್ಞಾನ ಕಲಿಸಿದವರು, ಕಂಡದ್ದನ್ನು ಕೇಳದೆ ಇರಲಾರರು. “ಮತ್ತ ಈ ಬಟಾಣಿ?”

“ಅವು ಮೊದಲೇ ಇದ್ವು. ಹಂದರ ಹಾಕೋ ಮುಂದ ಕಾಲಾಗ ಬಂದಾವ,” ಎಂದರು ಜಗದೇವಿ. “ಒಳಗ ನಡೀರಿ, ಶಿರಾ ಆರ್ತದ.”

ಅಂದು ಮಧ್ಯಾಹ್ನ ಸೇಡಂನಿಂದ ಲಲಿತಾಬಾಯಿ ಬಂದಿಳಿದಾಗ ಎರಡೂ ಮನೆಯವರು ಕಾಯಿ ಬದಲಾಯಿಸಿ ಆಗಿತ್ತು. ಹೊಸ್ತಿಲಲ್ಲಿ ಚೀಲ ಹಿಡಿದು ನಿಂತ ತಮ್ಮನ ಹೆಂಡತಿಗೆ ಜಗದೇವಿ, “ಪ್ರೀತಿ ಮದಿವಿ ಗಟ್ಟಿ ಆಯ್ತು. ಕೈಕಾಲು ತೊಳಕೊಂಡು ಬಾ, ಕುಂಕುಮ ಹಚ್ಚು,” ಎಂದರು. ಲಲಿತಾಬಾಯಿ ಗಂಡನನ್ನು ನೋಡಿದರು. ಗಂಡ ಇದನ್ನೆಲ್ಲ ತಾನೊಬ್ಬನೇ ನಿಂತು ನಡೆಸಿದವನ ಗಾಂಭೀರ್ಯದಲ್ಲಿ ಕೂತಿದ್ದರು. “ಎಂಟು ದಿನ ನಾ ಮನ್ಯಾಗ ಇಲ್ದಿದ್ರ ಇಷ್ಟು ಕೆಲಸ ಮಾಡ್ತಾರಂದ್ರ, ನಾ ಮೊದಲೇ ಹೋಗತಿದ್ನಿ,” ಎಂದು ಅವರು ಚೀಲ ಇಳಿಸಿದರು.

ನೆಂಟರು ಹೋದ ಮೇಲೆ ಜಗದೇವಿ ಬೇಗಂ ಅವರ ಮನೆಯಿಂದ ಒಂದು ಹೊರೆ ಒಣ ತೊಗರಿ ಕಟ್ಟಿಗೆ ತಂದು ಹಿತ್ತಲಲ್ಲಿ ಹಾಕಿದರು. ಒಂದು ಗಿಡವನ್ನು ಎತ್ತಿ ಅದರ ತುದಿಯ ಸುರುಳಿ ತೋರಿಸಿದರು.

“ನೋಡು, ಇದರ ಬೆರಳು ದಾರದಂಗ ಅದಾವ. ನಿನ್ನ ತೋಳಿನಷ್ಟು ದಪ್ಪ ಗಳ ಇವು ಹ್ಯಾಂಗ ಹಿಡೀತಾವು? ಮೊಣಕಾಲುದ್ದ ತೆಳ್ಳಗಿನ ಕಡ್ಡಿ ಸಾಕು, ಕವಲು ಇರಬೇಕು. ಬುಡಕ್ಕ ಹತ್ತದಂಗ ಊರು. ಗಿಡಾ ಮೆಲ್ಲಗ ಒರಗಸು, ಹಿಡ್ಕೋ ಅಂತ ಜುಲುಮಿ ಮಾಡಬ್ಯಾಡ.”

“ನಿನಗ ನಿನ್ನೇನೇ ಗೊತ್ತಿತ್ತು. ಯಾಕ ಹೇಳಲಿಲ್ಲ?”

“ಹೇಳಿದ್ರ ತಪ್ಪು ಅಂತೀನಂತ ನೀ ಅಂತಿದ್ದಿ,” ಎಂದು ಜಗದೇವಿ ಕಮಲಾಪುರದ ಬಸ್ಸಿಗೆ ಹೊರಟರು.

ಬಿಸಿಲು ಇಳಿಯುವಾಗ ಅಣವೀರಪ್ಪನವರು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಡ್ಡಿ ಊರುತ್ತಿದ್ದರು. ಪ್ರೀತಿ ಬಂದು ಪಕ್ಕದಲ್ಲಿ ಕೂತಳು. ಅತ್ತೆ ಹೋಗುವಾಗ ಅವಳಿಗೆ ಏನೋ ಹೇಳಿ ಹೋಗಿದ್ದರು.

“ಅಪ್ಪಾ, ಖರೆ ಹೇಳ್ರಿ. ನಿಮಗ ಗೊತ್ತಿತ್ತೇನ್ರಿ?”

ಗೊತ್ತಿತ್ತು ಎನ್ನಬಹುದಿತ್ತು. ಅಕ್ಕನನ್ನು ಬಿಟ್ಟು ಎಲ್ಲರೂ ಹಾಗೇ ತಿಳಿದಿದ್ದರು. ಅಣವೀರಪ್ಪನವರು ಕೈಯಲ್ಲಿದ್ದ ಕಡ್ಡಿಯ ಮಣ್ಣು ಒರೆಸಿದರು.

“ಇಲ್ಲವ್ವಾ.”

“ಮತ್ತ ಹೌದು ಅಂದ್ರಿ?”

“ನೀ ತಾಟು ಹಿಡ್ಕೊಂಡು ನಿಂತಿದ್ದಿ. ಕಪ್ಪು ಒಂದಕ್ಕೊಂದು ಬಡಕೊಳ್ಳಾಕತ್ತಿದ್ವು. ಅಲ್ಲ ಅಂದಿದ್ರ ಎಲ್ಲಾ ಬಿದ್ದು ಒಡೀತಿದ್ವು. ನಿಮ್ಮವ್ವ ಬಂದು ನನಗ ಬೈತಿದ್ಲು.”

ಪ್ರೀತಿ ಕಾಲ ಬಳಿ ಬಾಗಿದ್ದ ಒಂದು ಬಳ್ಳಿಯನ್ನು ಎರಡು ಬೆರಳಿನಿಂದ ಎತ್ತಿ ಹಿಡಿದಳು.

“ಹುಡುಗ ಚಲೋ ಅದಾನೇನು?” ಎಂದು ಕೇಳಿದರು ಅಣವೀರಪ್ಪನವರು, ಅವಳ ಕಡೆ ನೋಡದೆ.

“ಚಲೋ ಅದಾರ್ರಿ.”

“ಹಂಗಾದ್ರ ಹಂಗೇ ಹಿಡ್ಕೋ, ಬಿಡಬ್ಯಾಡ. ಕಡ್ಡಿ ಊರ್ತೀನಿ.”